ಬೆಟ್ಟದ ಕಿಲುಬು

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸ್ವಯಂಸೇವಕರೊಬ್ಬರು ಓದಿದ ಭಾಷಣ)



ತಾಮ್ರದ ಕೊಡ, ಹಂಡೆ, ಪಂಚಪಾತ್ರೆಗಳು ಇಲ್ಲದ ಕನ್ನಡಿಗರ ಮನೆ ಹಿಂದೆ ಇರಲಿಲ್ಲ. ಈಗಲೂ ಅನೇಕ ಮನೆಗಳಲ್ಲಿ ದೇವರ ಮುಂದೆಯಾದರೂ ಒಂದೆರಡು ಉಳಿದಿವೆ. ನಾಲ್ಕು ದಿನ ಹುಣಸೆಹಣ್ಣು ಕಾಣದಿದ್ದರೆ ಆ ಪಾತ್ರೆಯ ಮೈಮೇಲೆ ಹಸಿರು ಏರುತ್ತದೆ. ಅದಕ್ಕೆ ನಾವು ಕಿಲುಬು ಎನ್ನುತ್ತೇವೆ. ಕಿಲುಬೇರಿದ ಪಾತ್ರೆಯಲ್ಲಿ ಹುಳಿ ಮಾಡಬೇಡ, ಮಜ್ಜಿಗೆ ಇಡಬೇಡ ಎಂದು ಹಿರಿಯರು ಹೇಳುತ್ತಿದ್ದುದು ತಮಗೆಲ್ಲ ನೆನಪಿರಬಹುದು. ಈ ಕಿಲುಬು ಬರಿಯ ಕೊಳೆಯಲ್ಲ. ತಾಮ್ರ, ಗಾಳಿಯ ಆಮ್ಲಜನಕ, ತೇವ, ಇಂಗಾಲಾಮ್ಲ, ಇವೆಲ್ಲ ಕೂಡಿ ಆದ ಹೊಸ ಪದಾರ್ಥ.

ಅಡಿಗೆಮನೆಯ ಕೊಡಕ್ಕೆ ಆಗುವುದೇ ಬೆಟ್ಟದೊಳಗಿನ ತಾಮ್ರಕ್ಕೂ ಆಗುತ್ತದೆ. ವ್ಯತ್ಯಾಸವಿಷ್ಟೆ: ಕೊಡಕ್ಕೆ ನಾಲ್ಕು ದಿನ ಸಾಕು, ಬೆಟ್ಟಕ್ಕೆ ಸಾವಿರಾರು, ಲಕ್ಷಾಂತರ ವರ್ಷ ಬೇಕು, ಕೊಡದ ಕಿಲುಬು ಉಜ್ಜಿದರೆ ಹೋಗುತ್ತದೆ, ಬೆಟ್ಟದ ಕಿಲುಬು ಕಲ್ಲಾಗಿ, ಕೆಲವೊಮ್ಮೆ ಹರಳಾಗಿ ನಿಲ್ಲುತ್ತದೆ. ಹಳೆಯ ತಾಮ್ರದ ಗಣಿಗಳ ಬಾಯಲ್ಲಿ, ಅಲ್ಲಿ ಅಗೆದು ಸುರಿದ ದಿಬ್ಬಗಳಲ್ಲಿ ಸಿಗುವ ಈ ಹಸಿರು ನೀಲಿ ಕಲ್ಲುಗಳನ್ನು ಕೂಡಿಡುವ ಹವ್ಯಾಸವೊಂದು ಲೋಕದಲ್ಲಿ ಬಹುಕಾಲದಿಂದ ಉಂಟು. ಈ ದಿನ ಅದರ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯಸಮಿತಿಯವರು ಸ್ವಯಂಸೇವಕರಾದ ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಭೂವಿಜ್ಞಾನ ಓದಿದವರಲ್ಲ. ಗಿರಣಿಯಲ್ಲಿ ಲೆಕ್ಕ ಬರೆಯುವವರು. ಮೆಟ್ರಿಕ್ಕಿಗೆ ಓದು ಮುಗಿಸಿದವರು. ಆದರೂ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡಷ್ಟನ್ನು ತಮ್ಮ ಮುಂದಿಡುತ್ತೇವೆ. ಮೇಜಿನ ಮೇಲಿರುವ ಕಲ್ಲುಗಳನ್ನು ಆಮೇಲೆ ಎಲ್ಲರೂ ಹತ್ತಿರದಿಂದ ನೋಡಬಹುದು.

ಮೊದಲು ಇವು ಹುಟ್ಟುವ ಬಗೆ. ನೆಲದಾಳದಲ್ಲಿ ತಾಮ್ರವು ಸಾಮಾನ್ಯವಾಗಿ ಗಂಧಕ, ಕಬ್ಬಿಣಗಳ ಜೊತೆ ಸೇರಿಕೊಂಡು, ಹಿತ್ತಾಳೆಯಂತೆ ಹೊಳೆಯುವ ಅದಿರಾಗಿರುತ್ತದೆ. ಅದರ ಹೆಸರು ಚಾಲ್ಕೊಪೈರೈಟ್. ಶುದ್ಧವಾದದ್ದರಲ್ಲಿ ನೂರಕ್ಕೆ ಸುಮಾರು 34 ಪಾಲು ತಾಮ್ರ. ಇದು ಮೊದಲ ಹುಟ್ಟಿನ ಖನಿಜ. ಕಾಲಾಂತರದಲ್ಲಿ ಮೇಲಿನ ಮಣ್ಣು ಕಲ್ಲು ಸವೆದು ಈ ಅದಿರು ನೆಲದ ಮೇಲ್ಮೈಗೆ ಸಮೀಪ ಬಂದಾಗ ಮಳೆನೀರೂ ಗಾಳಿಯೂ ಅದನ್ನು ಮುಟ್ಟುತ್ತವೆ. ಗಂಧಕವು ಗಂಧಕಾಮ್ಲವಾಗುತ್ತದೆ. ಕಬ್ಬಿಣವು ತುಕ್ಕು ಹಿಡಿದು ಅಲ್ಲಿಯೇ ಕೆಂಪು ಕಂದು ಟೊಪ್ಪಿಗೆಯ ಹಾಗೆ ಉಳಿಯುತ್ತದೆ. ತಾಮ್ರ ಮಾತ್ರ ಮೈಲುತುತ್ತದ ರೂಪದಲ್ಲಿ ನೀರಿನಲ್ಲಿ ಕರಗಿ ಬಿರುಕು ಬಿರುಕಿನೊಳಗೆ ಇಳಿಯುತ್ತದೆ.

ಮುಂದೇನಾಗುತ್ತದೆಂಬುದು ಮಲೆನಾಡಿನಿಂದ ಬಂದಿರುವ ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ ನೀರಿಗೆ ಸುಣ್ಣದ ನೀರು ಬೆರೆಸುತ್ತಾರಷ್ಟೆ? ಕರಗಿದ್ದ ತಾಮ್ರ ತಿಳಿನೀಲಿಯಾಗಿ ಒಡೆದು ನಿಲ್ಲುತ್ತದೆ. ಬೆಟ್ಟದೊಳಗೆ ನಡೆಯುವುದೂ ಹೆಚ್ಚು ಕಡಿಮೆ ಇದೇ. ತಾಮ್ರದ ನೀರು ಸುಣ್ಣದ ಅಂಶವಿರುವ ಕಲ್ಲನ್ನೋ, ಇಂಗಾಲಾಮ್ಲ ತುಂಬಿದ ಒರತೆಯನ್ನೋ ಸಂಧಿಸಿದಾಗ ಕರಗಿದ್ದ ತಾಮ್ರ ಮತ್ತೆ ಗಟ್ಟಿಯಾಗುತ್ತದೆ. ಇದು ಎರಡನೆಯ ಹುಟ್ಟು. ಬಲ್ಲವರು ಇವಕ್ಕೆ ದ್ವಿತೀಯಕ ಖನಿಜಗಳು ಎಂದು ಹೆಸರಿಟ್ಟಿದ್ದಾರೆ.

ಇವುಗಳಲ್ಲಿ ಮುಖ್ಯವಾದ ಕೆಲವನ್ನು ಹೇಳುತ್ತೇವೆ. ಹಸಿರು ಕಲ್ಲು ಮ್ಯಾಲಕೈಟ್. ಇದರಲ್ಲಿ ನೂರಕ್ಕೆ 57 ಪಾಲಿಗಿಂತ ತುಸು ಹೆಚ್ಚು ತಾಮ್ರ. ಕಡುನೀಲಿಯದು ಅಜುರೈಟ್, ಅದರಲ್ಲಿ ಸುಮಾರು 55. ಅಜುರೈಟ್ ಕಾಲಕ್ರಮದಲ್ಲಿ ಹಸಿರಿಗೆ ತಿರುಗಿ ಮ್ಯಾಲಕೈಟ್ ಆಗುವುದುಂಟು; ಆದ್ದರಿಂದ ಒಂದೇ ಕಲ್ಲಿನಲ್ಲಿ ಅರ್ಧ ನೀಲಿ ಅರ್ಧ ಹಸಿರು ಕಾಣಬಹುದು. ಆಕಾಶದ ತಿಳಿನೀಲಿಯಲ್ಲಿ ಮೇಣದಂತೆ ಮೆತ್ತಿಕೊಂಡಿರುವುದು ಕ್ರಿಸೊಕೊಲ್ಲ. ಮಾಣಿಕ್ಯದ ಕೆಂಪಿರುವ ಕ್ಯುಪ್ರೈಟಿನಲ್ಲಿ ನೂರಕ್ಕೆ 88 ಪಾಲಿನ ಮೇಲೆ ತಾಮ್ರ. ಇನ್ನೂ ಕೆಳಗೆ, ನೀರಿನ ಮಟ್ಟದ ಬಳಿ, ಕರಿಯ ಚಾಲ್ಕೊಸೈಟ್. ಗಣಿಯ ಒಣ ಗೋಡೆಗಳ ಮೇಲೆ ನೀಲಿ ಕೂದಲಿನಂತೆ ಬೆಳೆಯುವುದು ಚಾಲ್ಕಂಥೈಟ್; ಅದು ಅಂಗಡಿಯ ಮೈಲುತುತ್ತವೇ, ಬೇರೆಯಲ್ಲ.

ನಮ್ಮ ಪೂರ್ವಿಕರು ಗಣಿಗಳನ್ನು ಕಂಡುಹಿಡಿದದ್ದು ಈ ಬಣ್ಣಗಳ ಜಾಡು ಹಿಡಿದು. ಯಂತ್ರವಿಲ್ಲ, ನಕ್ಷೆಯಿಲ್ಲ, ಬಂಡೆಯ ಮೇಲೆ ಹಸಿರು ಕಲೆ ಕಂಡಿತು, ಅಲ್ಲಿ ಅಗೆದರು. ಮ್ಯಾಲಕೈಟನ್ನು ಇದ್ದಿಲಿನ ಜೊತೆ ಬಲವಾದ ಬೆಂಕಿಗೆ ಹಾಕಿದರೆ ತಾಮ್ರ ಇಳಿಯುತ್ತದೆ. ಗಂಧಕದ ಅದಿರನ್ನು ಕರಗಿಸುವುದು ಅದಕ್ಕಿಂತ ತೊಡಕಿನ ಕೆಲಸ. ಹೀಗಾಗಿ ಮೊದಲು ಬರಿದಾದದ್ದು ಎರಡನೆಯ ಹುಟ್ಟಿನ ಅದಿರೇ. ಇಂದು ಹಳೆಯ ಗಣಿಗಳಲ್ಲಿ ಉಳಿದಿರುವ ಹಸಿರು ಕಲ್ಲು ಆ ಕಾಲದವರು ಬಿಟ್ಟುಹೋದ ಚೂರುಪಾರು. ಅದನ್ನು ಕೈಯಲ್ಲಿ ಹಿಡಿದರೆ ಎರಡು ಚರಿತ್ರೆಗಳನ್ನು ಹಿಡಿದಂತೆ: ಒಂದು ಬೆಟ್ಟದ್ದು, ಇನ್ನೊಂದು ಮನುಷ್ಯನದ್ದು.

ಇಂಥ ಸ್ಥಳಗಳು ಎಲ್ಲಿವೆ? ಕುಷಾಯಿಗೂಡದ ಸುತ್ತ ನೋಡಿದರೆ ಮೌಲಾಲಿಯ ಗುಡ್ಡದಿಂದ ಹಿಡಿದು ಎಲ್ಲವೂ ಗ್ರಾನೈಟು ಬಂಡೆ; ತಾಮ್ರದ ಗಣಿಗೆ ಇಲ್ಲಿ ಎಡೆಯಿಲ್ಲ. ಆದರೆ ನಮ್ಮ ತೆಲಂಗಾಣದಲ್ಲಿಯೇ ಕೊತ್ತಗೂಡೆಂ ಕಡೆ ಮೈಲಾರಂ ಎಂಬಲ್ಲಿ ಹಳೆಯ ತಾಮ್ರದ ಗಣಿಯಿದೆ. ಆಂಧ್ರದ ಪಲ್ನಾಡಿನ ಅಗ್ನಿಗುಂಡಾಲದಲ್ಲಿ ಸೀಸದ ಜೊತೆ ತಾಮ್ರವೂ ಉಂಟು. ಅಲ್ಲಿ ಅದಿರು ಕೂತಿರುವುದು ಸುಣ್ಣದ ಜಾತಿಯ ಡೊಲೊಮೈಟ್ ಕಲ್ಲಿನಲ್ಲಿ. ನೆಲ್ಲೂರು ಜಿಲ್ಲೆಯ ಗರಿಮಾನಿಪೆಂಟದ ಗಣಿಗಳೂ ಹಳೆಯವು. ನಮ್ಮ ಕನ್ನಡ ನಾಡಿಗೆ ಬಂದರೆ ಚಿತ್ರದುರ್ಗದ ಬಳಿಯ ಇಂಗಳದಾಳು, ಹಾಸನ ಜಿಲ್ಲೆಯ ಕಲ್ಯಾಡಿ, ಸುರಪುರ ಸೀಮೆಯ ತಿಂಥಿಣಿ, ಇವು ತಾಮ್ರಕ್ಕೆ ಹೆಸರಾದ ನೆಲಗಳು. ತಿಂಥಿಣಿ ಎಂದೊಡನೆ ತಮಗೆ ನೆನಪಾಗುವುದು ಮೌನೇಶ್ವರರು. ಲೋಹದ ಕೆಲಸವನ್ನೇ ಕುಲಕಸುಬಾಗಿ ನಡೆಸಿಕೊಂಡು ಬಂದ ವಿಶ್ವಕರ್ಮರು ಅಷ್ಟು ಭಕ್ತಿಯಿಂದ ನಡೆದುಕೊಳ್ಳುವ ಕ್ಷೇತ್ರದ ಆಸುಪಾಸಿನಲ್ಲಿಯೇ ತಾಮ್ರದ ಅದಿರು ಇರುವುದು ಕೇಳುವುದಕ್ಕೆ ಸೊಗಸಾಗಿದೆ. ಇದಕ್ಕೂ ಅದಕ್ಕೂ ಸಂಬಂಧ ಕಟ್ಟುವ ಕೆಲಸಕ್ಕೆ ನಾವು ಹೋಗುವುದಿಲ್ಲ.

ಇಂಗಳದಾಳಿನ ವಿಚಾರ ಸ್ವಲ್ಪ ಹೆಚ್ಚು ಹೇಳಬೇಕು. ಚಿತ್ರದುರ್ಗದ ಆ ಭಾಗದ ಬಂಡೆಗಳು ಬಹುಪುರಾತನವಾದ ಲಾವಾರಸದಿಂದ ಆದವು. ಅದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಡಿಯಲ್ಲಿ ಉಕ್ಕಿ ದಿಂಬುದಿಂಬಾಗಿ ಗಟ್ಟಿಯಾದ ಲಾವಾ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿದ್ದಾರೆ. ಇಂಗಳದಾಳಿನಲ್ಲಿ ಪ್ರಾಚೀನರು ತೋಡಿದ ಗುಂಡಿಗಳಿದ್ದವು. ಮೈಸೂರು ಸಂಸ್ಥಾನ 1894ರಲ್ಲಿ ರಾಬರ್ಟ್ ಬ್ರೂಸ್ ಫೂಟರ ನೇತೃತ್ವದಲ್ಲಿ ಭೂವಿಜ್ಞಾನ ಇಲಾಖೆ ತೆರೆದ ಮೇಲೆ ಇಂಥ ಹಳೆಯ ಗುಂಡಿಗಳನ್ನು ಕ್ರಮವಾಗಿ ನೋಡುವ ಪದ್ಧತಿ ನಾಡಿನಲ್ಲಿ ಬೇರೂರಿತು. ಮುಂದೆ ಇಂಗಳದಾಳಿನಲ್ಲಿ ಹೊಸ ಗಣಿಯೂ ನಡೆಯಿತು. ಹಟ್ಟಿ ಚಿನ್ನದ ಗಣಿ ಕಂಪನಿಯು ಅದನ್ನು ತನ್ನ ತಾಮ್ರದ ಘಟಕವಾಗಿ ನಡೆಸಿತು. ಈಗ ಆ ತಾಮ್ರದ ಗಣಿಯ ಕೆಲಸ ನಿಂತಿದೆ.

ಈಗ ಒಂದು ಕಥೆ. ಕಥೆಯೆಂದರೂ ನಡೆದದ್ದೇ. ಬೆಂಜಮಿನ್ ಹೈನ್ ಎಂಬವರು ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದ ವೈದ್ಯರು, ಸಸ್ಯಶಾಸ್ತ್ರಜ್ಞರು. ಟೀಪುವಿನ ಪತನಾನಂತರ ನಡೆದ ಮೈಸೂರು ಸರ್ವೆಯಲ್ಲಿ ಅವರಿದ್ದರು. ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನೂ ಕೆಲಕಾಲ ನೋಡಿಕೊಂಡರು. ಅವರು ಕೊಂಡೊಯ್ದ ತಾಮ್ರದ ಅದಿರೊಂದನ್ನು ಥಾಮಸ್ ಥಾಮ್ಸನ್ ಎಂಬ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ, ಇದು ನೀರಿನ ಅಂಶವಿಲ್ಲದ, ತಾಮ್ರವೂ ಇಂಗಾಲಾಮ್ಲವೂ ಕೂಡಿದ ಹೊಸ ಜಾತಿಯ ಅದಿರು ಎಂದು 1814ರಲ್ಲಿ ಲಂಡನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಮುಂದೆ ಮೈಸೋರಿನ್ ಎಂಬ ಹೆಸರು ಬಿತ್ತು. ನಮ್ಮ ಮೈಸೂರಿನ ಹೆಸರನ್ನು ಹೊತ್ತ ಖನಿಜವೊಂದು ಲೋಕದ ಪುಸ್ತಕಗಳಲ್ಲಿ ಸೇರಿತು! ಕನ್ನಡಿಗರಿಗೆ ಹೆಮ್ಮೆಯ ಮಾತೇ.

ಆದರೆ ಹೆಮ್ಮೆ ಉಳಿಯಲಿಲ್ಲ. ‘ಮೈಸೂರು’ ಎಂದರೆ ಯಾವ ಗುಡ್ಡ? ಯಾವ ಗುಂಡಿ? ಹೆಸರಿನಲ್ಲಿ ಉತ್ತರವಿರಲಿಲ್ಲ. ಭಾರತೀಯ ಭೂವಿಜ್ಞಾನ ಸಮೀಕ್ಷೆಯ ಎಫ್. ಆರ್. ಮ್ಯಾಲೆಟ್ ಎಂಬವರು 1879ರಲ್ಲಿ ಮೈಸೋರಿನ್ ವಿಚಾರವಾಗಿ ಬರೆದಾಗ ಅವರ ಮುಂದಿದ್ದ ಅದಿರು ನೆಲ್ಲೂರು ಜಿಲ್ಲೆಯದು. ಕೊನೆಗೆ ಮೈಸೋರಿನ್ ಎಂಬುದು ಪ್ರತ್ಯೇಕ ಖನಿಜವೇ ಅಲ್ಲ, ಬೇರೆ ಪದಾರ್ಥಗಳು ಬೆರೆತ ಮ್ಯಾಲಕೈಟ್ ಎಂದು ವಿದ್ವಾಂಸರು ಆ ಹೆಸರನ್ನು ಪಟ್ಟಿಯಿಂದ ತೆಗೆದರು. ಹೆಸರು ಕೊಡುವುದು ಸುಲಭ. ಕೊಟ್ಟ ಹೆಸರನ್ನು ಹಿಂದಕ್ಕೆ ಪಡೆಯಲು ತಲೆಮಾರುಗಳೇ ಬೇಕಾದವು.

ಇದಕ್ಕೆ ಎದುರಾಗಿ ಇನ್ನೊಂದು ನಿದರ್ಶನ ಕೊಡುತ್ತೇವೆ; ಇದು ನಮ್ಮ ಹೈದರಾಬಾದಿಗೂ ಸಂಬಂಧಪಟ್ಟದ್ದು. ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1915ರಲ್ಲಿ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಮಸ್ಕಿಯಲ್ಲಿ ಒಂದು ಬಂಡೆಯ ಮೇಲೆ ಬರಹ ಕಂಡರು. ಅದು ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದವು. ಆ ದೇವಾನಾಂಪ್ರಿಯನೇ ಅಶೋಕನೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಊಹೆಯು ನಿಶ್ಚಯವಾಯಿತು. ಅಷ್ಟೊಂದು ಶಾಸನಗಳಿದ್ದರೂ ಒಂದು ಹೆಸರು ಬರೆದಿಟ್ಟ ಕಲ್ಲು ಸಿಗುವವರೆಗೆ ಮಾತು ಮುಗಿದಿರಲಿಲ್ಲ.

ಇದನ್ನೆಲ್ಲ ಹೇಳುವುದಕ್ಕೆ ಕಾರಣ ಈ ಮೇಜಿನ ಮೇಲಿದೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಗಣಿಗಳ ಕಡೆ ಲೆಕ್ಕಪತ್ರದ ಕೆಲಸದಲ್ಲಿ ವರ್ಷಗಟ್ಟಲೆ ಓಡಾಡಿದವರು. ಹೋದ ಕಡೆಯಲ್ಲೆಲ್ಲ ಅಲ್ಲಿಯವರನ್ನು ಕೇಳಿ ಒಂದೊಂದು ಕಲ್ಲು ತಂದು ಕೂಡಿಟ್ಟರು. ಅವರು ತೀರಿಕೊಂಡ ಮೇಲೆ ಅವರ ಮನೆಯವರಾದ ಅಮ್ಮನವರು ಆ ಟ್ರಂಕನ್ನು ವಾಚನಾಲಯಕ್ಕೆ ಒಪ್ಪಿಸಿದರು. ಬಿಚ್ಚಿ ನೋಡಿದೆವು. ನಲವತ್ತೊಂದು ಕಲ್ಲುಗಳು, ಎಲ್ಲವೂ ಕನ್ನಡ ಪತ್ರಿಕೆಯ ಹಾಳೆಗಳಲ್ಲಿ ಜೋಪಾನವಾಗಿ ಸುತ್ತಿದವು. ಚೀಟಿಯಿದ್ದವು ಮೂರೇ. ಒಂದರಲ್ಲಿ ಇಂಗಳದಾಳು ಎಂದು, ಗುಂಡಿಯ ಗುರುತು, ತಾರೀಖು, ಕೊಟ್ಟವರು ಯಾರೆಂಬುದು ಎಲ್ಲವೂ ಇದೆ. ಇನ್ನೊಂದರಲ್ಲಿ ಅಗ್ನಿಗುಂಡಾಲ, ತಾರೀಖು ಸಹಿತ. ಮೂರನೆಯದು ಒಂದು ಚಿಕ್ಕ ಸೀಸೆ; ‘ನೀಲಿ ಹರಳು, ಗಣಿಯ ಗೋಡೆಯಿಂದ’ ಎಂದಷ್ಟೇ ಬರೆದಿದೆ, ಊರಿಲ್ಲ. ಬಿರಡೆ ಸಡಿಲವಾಗಿ ಹರಳು ಬೂದಿಯಂಥ ಪುಡಿಯಾಗಿದೆ. ಉಳಿದ ಮೂವತ್ತೆಂಟು ಕಲ್ಲುಗಳು ಎಲ್ಲಿಯವೆಂದು ಹೇಳುವವರು ಯಾರೂ ಇಲ್ಲ. ಅಮ್ಮನವರನ್ನು ಕೇಳಿದೆವು. “ಅವರಿಗೆ ಎಲ್ಲವೂ ಬಾಯಲ್ಲೇ ಇತ್ತಪ್ಪಾ, ಒಂದೊಂದು ಕಲ್ಲು ಹಿಡಿದು ಊರು ಹೇಳುತ್ತಿದ್ದರು, ನಾನು ಒಲೆಯ ಮುಂದೆ ಹೂಂಗುಟ್ಟುತ್ತಿದ್ದೆ” ಎಂದರು.

ಈಗ ಸಮಿತಿಯಲ್ಲಿ ಎದ್ದಿರುವ ಪ್ರಶ್ನೆ. ಈ ಮೂವತ್ತೆಂಟರಲ್ಲಿ ಬಹುಪಾಲು ಇಂಗಳದಾಳಿನ ಕಲ್ಲನ್ನೇ ಹೋಲುತ್ತವೆ; ಅವರು ಹೆಚ್ಚಾಗಿ ಚಿತ್ರದುರ್ಗದ ಕಡೆ ಹೋಗುತ್ತಿದ್ದುದೂ ನಿಜ; ಆದ್ದರಿಂದ ಎಲ್ಲಕ್ಕೂ ‘ಇಂಗಳದಾಳು’ ಎಂದು ಬರೆದು ಗಾಜಿನ ಕಪಾಟಿನಲ್ಲಿಟ್ಟರೆ ಹೊರನಾಡಿನಲ್ಲಿ ನಮ್ಮ ನಾಡಿನ ಗಣಿಯ ಪ್ರದರ್ಶನವಾಗುತ್ತದೆ, ಹೋದವರ ಹೆಸರೂ ಉಳಿಯುತ್ತದೆ ಎಂದು ಕೆಲವು ಹಿರಿಯರ ಅಭಿಪ್ರಾಯ. ಅವರ ಸದುದ್ದೇಶದಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಈ ಸಲಹೆಯನ್ನು ಒಪ್ಪಬಾರದೆಂದು ವಿನಯದಿಂದ ಬಿನ್ನವಿಸುತ್ತೇವೆ.

ನಮಗೆ ಗೊತ್ತಿರುವುದು ಗಿರಣಿಯ ಗೋದಾಮು. ಅಲ್ಲಿ ಹತ್ತಿಯ ಬೇಲು ಬಂದಾಗ ಅದರ ಮಾರ್ಕು, ಲಾಟು ನಂಬರು, ತೂಕ, ಬಂದ ಊರು, ಇವು ಆವಕ ಪುಸ್ತಕದಲ್ಲಿ ಏರಬೇಕು. ಮಾರ್ಕು ಅಳಿಸಿಹೋದ ಬೇಲು ಬಂದರೆ, ಹತ್ತಿ ಎಷ್ಟು ಬೆಳ್ಳಗಿದ್ದರೂ, ಪಕ್ಕದ ಬೇಲಿನ ಹಾಗೆ ಕಾಣುತ್ತದೆಂದು ಅದರ ನಂಬರು ಇದಕ್ಕೆ ಬರೆಯುವ ಗುಮಾಸ್ತನನ್ನು ಯಾರೂ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಅದನ್ನು ಬೇರೆ ಇಟ್ಟು ‘ಮಾರ್ಕು ಇಲ್ಲ’ ಎಂದು ಬರೆಯುತ್ತೇವೆ. ಹತ್ತಿಗೆ ಇರುವ ಈ ಮರ್ಯಾದೆ ಕಲ್ಲಿಗೂ ಇರಬೇಡವೆ? ಒಂದು ಹಸಿರು ಕಲ್ಲು ಇಂಗಳದಾಳಿನದೆಂದು ಖಚಿತವಾಗಿ ಗೊತ್ತಿದ್ದರೆ, ಅಲ್ಲಿಯ ಅದಿರು ಹೇಗಿತ್ತು, ಜೊತೆಗೆ ಯಾವ ಖನಿಜಗಳಿದ್ದವು, ಪೂರ್ವಿಕರು ಏನನ್ನು ಅಗೆದರು ಎಂದು ಬಲ್ಲವರು ಅದರಿಂದ ಹೇಳಬಲ್ಲರು. ಗಣಿ ಮುಚ್ಚಿದ ಮೇಲೆ, ದಿಬ್ಬದ ಕಲ್ಲನ್ನು ರಸ್ತೆಗೆ ಜಲ್ಲಿ ಮಾಡಿದ ಮೇಲೆ, ಅಂಥ ಕಲ್ಲೇ ಸಾಕ್ಷಿ. ಸಾಕ್ಷಿ ಹೇಳುವವನ ಬಾಯಿಗೆ ನಾವು ಮಾತು ಹಾಕಿದರೆ ನಿಜವಾದ ಆ ಎರಡು ಚೀಟಿಗಳ ಮೇಲೂ ಯಾರೂ ನಂಬಿಕೆ ಇಡಲಾರರು. ಮೂವತ್ತೆಂಟನ್ನು ಉಳಿಸಿಕೊಳ್ಳಲು ಹೋಗಿ ಎರಡನ್ನೂ ಕಳೆದುಕೊಳ್ಳುತ್ತೇವೆ.

ನಮ್ಮ ತರುಣರಲ್ಲಿ ಕೆಲವರಿಗೆ ಈ ಟ್ರಂಕನ್ನು ನೋಡಿದ ಮೇಲೆ ತಾವೂ ಕಲ್ಲು ಕೂಡಿಡಬೇಕೆಂಬ ಉತ್ಸಾಹ ಬಂದಿದೆ. ಸಂತೋಷ. ಅವರಿಗಾಗಿ ಕೆಲವು ಮಾತು.

ಮೊಟ್ಟಮೊದಲನೆಯದು ಜೀವ. ಹಳೆಯ ಗಣಿಯ ಬಾವಿಗೆ, ಸುರಂಗಕ್ಕೆ ಯಾರೂ ಇಳಿಯಕೂಡದು. ಮರದ ಆಧಾರಗಳು ಗೆದ್ದಲು ಹಿಡಿದಿರುತ್ತವೆ. ನೆಲವೆಂದು ಕಾಣುವುದು ಬಾವಿಯ ಬಾಯಿಗೆ ಕವಿದ ಹುಲ್ಲು ಕಸವಾಗಿರಬಹುದು. ಹಾವು, ಕಣಜ, ಕಾಡುಮೃಗ ಸೇರಿಕೊಂಡಿರಬಹುದು. ಇವೆಲ್ಲಕ್ಕಿಂತ ಅಪಾಯಕರವಾದದ್ದು ಗಾಳಿ. ಗಂಧಕದ ಅದಿರು ತುಕ್ಕು ಹಿಡಿಯುವಾಗ ಆಮ್ಲಜನಕವನ್ನು ಹೀರಿಬಿಡುತ್ತದೆ. ಒಳಗಿರುವ ಗಾಳಿ ಉಸಿರಾಟಕ್ಕೆ ಬಾರದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಹಳ್ಳಿಯಲ್ಲಿ ಹಾಳುಬಾವಿಗೆ ಇಳಿದವನು ಮೇಲೆ ಬರದಿದ್ದಾಗ ಅವನನ್ನು ಎತ್ತಲು ಇಳಿದ ತಮ್ಮನೂ ಬಾರದೆ ಹೋದ ಸಂಗತಿಗಳನ್ನು ನಾವು ಕೇಳಿಲ್ಲವೆ? ಸಂಗ್ರಹವೆಲ್ಲ ಹೊರಗಿನ ದಿಬ್ಬದಲ್ಲಿ, ಹಗಲಿನಲ್ಲಿ, ಜೊತೆಯವರಿದ್ದಾಗ. ದಿಬ್ಬದ ಇಳಿಜಾರೂ ಜಾರುತ್ತದೆಂಬುದು ನೆನಪಿರಲಿ.

ಎರಡನೆಯದು ಕಾನೂನು. ಗಣಿಯೆಂಬುದು ಪಾಳುಬಿದ್ದಿದ್ದರೂ ಯಾರದೋ ಸ್ವತ್ತು: ಸರಕಾರದ್ದು, ಕಂಪನಿಯದು, ಅರಣ್ಯ ಇಲಾಖೆಯದು, ಇಲ್ಲವೆ ರೈತನದು. ಗಣಿ ಮತ್ತು ಖನಿಜಗಳ 1957ರ ಕಾಯಿದೆಯ ಪ್ರಕಾರ ಅಪ್ಪಣೆಯಿಲ್ಲದೆ ಖನಿಜ ಸಾಗಿಸುವುದು ತಪ್ಪು. ಗಣಿ ಇಲಾಖೆಗೋ, ಗಣಿಯ ಒಡೆಯರಿಗೋ ಮೊದಲೇ ಕಾಗದ ಬರೆದು, ಒಪ್ಪಿಗೆಯ ಪತ್ರ ಕೈಯಲ್ಲಿದ್ದ ಮೇಲೆಯೇ ಹೊರಡಬೇಕು. ಒಪ್ಪಿಗೆ ಸಿಗದಿದ್ದರೆ ನೋಡಿ, ಚಿತ್ರ ತೆಗೆದು, ಕಲ್ಲನ್ನು ಅಲ್ಲೇ ಬಿಟ್ಟು ಬರಬೇಕು. ಪ್ರಾಚೀನರು ಅದಿರು ಕರಗಿಸಿದ ಕಿಟ್ಟ, ಕುಲುಮೆಯ ಮಣ್ಣಿನ ಚೂರು, ಕಲ್ಲಿನ ಸುತ್ತಿಗೆ ಕಣ್ಣಿಗೆ ಬಿದ್ದರೆ ಮುಟ್ಟಲೇಬಾರದು; ಇದ್ದ ಜಾಗದಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಬೇಕು. ಅದು ಜಾಗ ಬಿಟ್ಟು ಕದಲಿದರೆ ಅದರ ಅರ್ಧ ಮಾತು ಹೋದಂತೆ.

ಮೂರನೆಯದು ಮಿತಿ. ಒಂದು ಸ್ಥಳದಿಂದ ಕೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದೆರಡು ಕಲ್ಲು ಸಾಕು. ಗೋಣಿಚೀಲ ಹೊತ್ತು ಹೋಗುವವನು ಸಂಗ್ರಾಹಕನಲ್ಲ, ವ್ಯಾಪಾರಿ. ಆಫ್ರಿಕದ ನಮೀಬಿಯಾದಲ್ಲಿ ಟ್ಸುಮೆಬ್ ಎಂಬ ಗಣಿಯಿತ್ತು, 1996ರಲ್ಲಿ ಮುಚ್ಚಿತು. ಅಲ್ಲಿಯ ಅಜುರೈಟ್ ಹರಳುಗಳು ಇಂದು ಲೋಕದ ವಸ್ತುಸಂಗ್ರಹಾಲಯಗಳ ಒಡವೆಗಳು. ನಮ್ಮ ಕಡೆಯ ಗಣಿಗಳ ಹಸಿರು ಕಲೆಗಳನ್ನು ಅವುಗಳ ಪಕ್ಕದಲ್ಲಿಟ್ಟರೆ ಬಡವೆನಿಸಬಹುದು. ಚಿಂತೆಯಿಲ್ಲ. ಟ್ಸುಮೆಬಿನ ಹರಳಿಗೆ ನೂರಾರು ಜನ ಚೀಟಿ ಬರೆದಿದ್ದಾರೆ. ಮೈಲಾರದ, ಕಲ್ಯಾಡಿಯ ಕಲ್ಲಿಗೆ ಚೀಟಿ ಬರೆಯುವವರು ಬೇಕಾಗಿದ್ದಾರೆ.

ಇನ್ನು ಚೀಟಿ. ಕಲ್ಲು ಎತ್ತಿಕೊಂಡ ಜಾಗದಲ್ಲೇ ಬರೆಯಬೇಕು. ಮನೆಗೆ ಬಂದು ಬರೆಯುತ್ತೇನೆಂದರೆ ಹತ್ತು ಕಲ್ಲು ಕಲೆತುಹೋಗುತ್ತವೆ. ಗುಡ್ಡ, ಗುಂಡಿ, ಊರು, ತಾಲೂಕು, ಜಿಲ್ಲೆ, ಬಂಡೆಯಲ್ಲೇ ಇತ್ತೋ, ದಿಬ್ಬದಲ್ಲಿ ಸಿಕ್ಕಿತೋ, ತಾರೀಖು, ಎತ್ತಿದವರು, ಒಪ್ಪಿಗೆ ಕೊಟ್ಟವರು. ಈಗ ಕೈಯಲ್ಲಿರುವ ಮೊಬೈಲು ಫೋನೇ ಅಕ್ಷಾಂಶ ರೇಖಾಂಶ ತೋರಿಸುತ್ತದೆ; ಅದನ್ನೂ ಬರೆಯಿರಿ. ಖನಿಜದ ಹೆಸರು ನಿಶ್ಚಯವಿಲ್ಲದಿದ್ದರೆ ‘ಹಸಿರು ಖನಿಜ’ ಎಂದಷ್ಟೇ ಬರೆದರೆ ಅವಮಾನವಿಲ್ಲ. ಹೆಸರನ್ನು ಬಲ್ಲವರು ನಾಳೆ ಹೇಳಿಯಾರು, ಊರನ್ನು ನಾಳೆ ಯಾರೂ ಹೇಳಲಾರರು. ಬರೆಯಲು ಸೀಸದ ಕಡ್ಡಿ ಉತ್ತಮ; ನೀರು ಬಿದ್ದರೂ ಅಳಿಯದು. ಕಲ್ಲಿನ ಹಿಂಬದಿಯಲ್ಲಿ ಸಾಸಿವೆಯಷ್ಟಲ್ಲ, ಕಡಲೆಬೇಳೆಯಷ್ಟು ಬಿಳಿ ಬಣ್ಣ ಹಚ್ಚಿ ಅದರ ಮೇಲೆ ಸಂಖ್ಯೆ ಹಾಕಿ, ಅದೇ ಸಂಖ್ಯೆಯನ್ನು ಚೀಟಿಗೂ ಪುಸ್ತಕಕ್ಕೂ ಹಾಕಬೇಕು. ಚೀಟಿ ಕಳೆದರೆ ಪುಸ್ತಕವಿದೆ. ಪುಸ್ತಕ ಇಲಿ ತಿಂದರೆ ಚೀಟಿಯಿದೆ.

ಜೋಪಾನದ ಮಾತು. ತಾಮ್ರದ ಪಾತ್ರೆಯೆಂಬ ಅಭ್ಯಾಸದಿಂದ ಯಾರಾದರೂ ಈ ಕಲ್ಲುಗಳಿಗೆ ಹುಣಸೆಹಣ್ಣು, ನಿಂಬೆಹುಳಿ ಹಚ್ಚಿದಿರೋ ಕೆಟ್ಟಿತು! ಮ್ಯಾಲಕೈಟ್, ಅಜುರೈಟುಗಳನ್ನು ಹುಳಿ ತಿಂದುಹಾಕುತ್ತದೆ. ಮೆತ್ತನೆಯ ಕುಂಚದಿಂದ ಮಣ್ಣು ಕೊಡವಿದರೆ ಸಾಕು. ಮೈಲುತುತ್ತದ ಜಾತಿಯದನ್ನು ನೀರಿಗೆ ತೋರಿಸಲೇಬಾರದು, ಕರಗಿಹೋಗುತ್ತದೆ; ಬಿಗಿಯಾದ ಬಿರಡೆಯ ಸೀಸೆಯಲ್ಲಿಡದಿದ್ದರೆ ಒಣಗಿ ಪುಡಿಯಾಗುತ್ತದೆ. ಆ ಮೂರನೆಯ ಸೀಸೆಯನ್ನು ನೋಡಿದರೆ ತಿಳಿಯುತ್ತದೆ. ಇವು ವಿಷಪದಾರ್ಥಗಳೆಂಬುದನ್ನು ಮರೆಯಬಾರದು. ಮುಟ್ಟಿದ ಮೇಲೆ ಕೈ ತೊಳೆಯಬೇಕು. ಕುಟ್ಟಿದ ದೂಳು ಮೂಗಿಗೆ ಹೋಗಬಾರದು. ಮಕ್ಕಳ ಕೈಗೆ, ಅಡಿಗೆಮನೆಯ ಗೂಡಿಗೆ ಹೋಗಬಾರದು.

ಕೊನೆಯದಾಗಿ ಮೋಸ. ಅಂಗಡಿಗಳಲ್ಲಿ ಹೊಳಪಿನ ನೀಲಿ ಹರಳುಗಳನ್ನು ಗಣಿಯಿಂದ ತ೦ದದ್ದೆಂದು ಹೆಚ್ಚಿನ ಬೆಲೆಗೆ ಮಾರುವುದುಂಟು. ಗೊಬ್ಬರದಂಗಡಿಯ ಮೈಲುತುತ್ತವನ್ನು ಬಿಸಿನೀರಿನಲ್ಲಿ ಕರಗಿಸಿ, ನೂಲು ಇಳಿಬಿಟ್ಟು ಕೆಲವು ದಿನ ಬಿಟ್ಟರೆ ಅಂಥ ಹರಳು ಯಾವ ಹೈಸ್ಕೂಲು ಹುಡುಗನಿಗಾದರೂ ಬೆಳೆಯುತ್ತದೆ. ಎರಡೂ ಪದಾರ್ಥ ಒಂದೇ. ಬೇರೆಯಾದದ್ದು ಹುಟ್ಟಿದ ಊರು ಮಾತ್ರ. ಹಾಗಾದರೆ ಸುಳ್ಳು ಎಲ್ಲಿದೆ? ಹರಳಿನಲ್ಲಿಲ್ಲ, ಚೀಟಿಯಲ್ಲಿದೆ. ಹಣಕ್ಕಾಗಿ ಬರೆದ ಸುಳ್ಳು ಚೀಟಿಗೂ ಅಭಿಮಾನಕ್ಕಾಗಿ ಬರೆದ ಸುಳ್ಳು ಚೀಟಿಗೂ ಓದುವವನ ಪಾಲಿಗೆ ಭೇದವಿಲ್ಲ.

ಆದ್ದರಿಂದ ನಮ್ಮ ಸೂಚನೆ ಹೀಗಿದೆ. ಪೂರ್ತಿ ಚೀಟಿಯಿರುವ ಎರಡು ಕಲ್ಲುಗಳನ್ನು ಅವರ ಕೈಬರಹದ ಚೀಟಿಯ ಸಮೇತ, ಅವರ ಹೆಸರಿನೊಂದಿಗೆ, ಕಪಾಟಿನಲ್ಲಿಡೋಣ. ಸೀಸೆಯನ್ನು ಇದ್ದ ಹಾಗೆ, ‘ಊರು ತಿಳಿಯದು’ ಎಂದು ಬರೆದು ಪಕ್ಕದಲ್ಲಿಡೋಣ. ಉಳಿದ ಮೂವತ್ತೆಂಟಕ್ಕೆ ಸಂಖ್ಯೆ ಹಾಕಿ, ಸುತ್ತಿದ್ದ ಪತ್ರಿಕೆಯ ತಾರೀಖನ್ನು ಆವಕ ಪುಸ್ತಕದಲ್ಲಿ ಬರೆದುಕೊಳ್ಳೋಣ. ಏಕೆಂದರೆ ಕಲ್ಲು ಸುತ್ತಿಟ್ಟದ್ದು ಆ ದಿನಕ್ಕಿಂತ ಮುಂಚೆಯಂತೂ ಅಲ್ಲ ಎಂಬಷ್ಟು ಅದರಿಂದ ತಿಳಿಯುತ್ತದೆ. ಅವರ ಪ್ರಯಾಣದ ಹಳೆಯ ಡೈರಿ, ಕಾಗದಗಳು ಮನೆಯಲ್ಲಿ ಸಿಕ್ಕರೆ ಕೊಡುವುದಾಗಿ ಅಮ್ಮನವರು ಹೇಳಿದ್ದಾರೆ. ಆ ತಾರೀಖು ಈ ತಾರೀಖು ತಾಳೆಯಾದರೆ ಕೆಲವಕ್ಕಾದರೂ ಊರು ಸಿಕ್ಕೀತು. ಉಸ್ಮಾನಿಯಾ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ ನಮಗೆ ದೂರವಲ್ಲ. ಅಲ್ಲಿಯ ಅಧ್ಯಾಪಕರನ್ನು ಕೇಳಿಕೊಂಡರೆ ಖನಿಜಗಳ ಹೆಸರನ್ನಾದರೂ ಗುರುತಿಸಿಕೊಟ್ಟಾರು. ಅಲ್ಲಿಯವರೆಗೆ ಇವು ಊರಿಲ್ಲದ ಕಲ್ಲುಗಳಾಗಿಯೇ ಇರಲಿ. ಶಾಲೆಯ ಮಕ್ಕಳು ದೊಡ್ಡವರ ಎದುರಿನಲ್ಲಿ ಮುಟ್ಟಿ, ತೂಗಿ, ಬಣ್ಣ ನೋಡಿ ಕಲಿಯಲಿ. ಅದೂ ಸಣ್ಣ ಉಪಯೋಗವಲ್ಲ.

ನಾವು ಹೊರನಾಡಿನಲ್ಲಿರುವವರು. ಯಾವ ಊರಿನವರೆಂದು ಯಾರಾದರೂ ಕೇಳಿದರೆ ತಟ್ಟನೆ ಜಿಲ್ಲೆ, ತಾಲೂಕು, ಹಳ್ಳಿ ಹೇಳುತ್ತೇವೆ. ಬೇರೆ ಊರಿನವರೆಂದು ನಮ್ಮನ್ನು ಬರೆದುಕೊಂಡರೆ ತಿದ್ದಿಸದೆ ಬಿಡುವುದಿಲ್ಲ. ಬಾಯಿಲ್ಲದ ಕಲ್ಲಿನ ಪರವಾಗಿ ಅಷ್ಟನ್ನೇ ಕೇಳುತ್ತಿದ್ದೇವೆ.

ಈ ವಿಚಾರವಾಗಿ ಸಮಿತಿಯ ಸಭೆ ಮುಂದಿನ ಭಾನುವಾರ ಸೇರುತ್ತದೆ. ಸದಸ್ಯರು ಬಂದು ತಮ್ಮ ಅಭಿಪ್ರಾಯ ತಿಳಿಸಬೇಕು. ಮೇಜಿನ ಹತ್ತಿರ ಬರುವವರು ಕಲ್ಲುಗಳನ್ನು ಸುತ್ತಿರುವ ಹಾಳೆಗಳಿಂದ ಬೇರೆ ಮಾಡಬಾರದಾಗಿ ಪ್ರಾರ್ಥನೆ. ಕೈ ತೊಳೆಯಲು ಹಿತ್ತಲಿನಲ್ಲಿ ನೀರು, ಸಾಬೂನು ಇಟ್ಟಿದೆ.